ಸಿಂಗಪುರದ ‘ಲಾ’, ಬೆಂಗಳೂರಿನ ‘ಓನ್ಲಿ’

(ಕಾಲೇಜೊಂದರಲ್ಲಿ ಕನ್ನಡ ಮತ್ತು ಇಂಗ್ಲಿಷ್ ವಿಭಾಗದವರು ಜೊತೆಯಾಗಿ ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ. ಆಡುವಾಗ ನುಸುಳಿದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಜಗತ್ತಿನ ತುಂಬ ಹಬ್ಬಿದ ಕಥೆ ನಿಮಗೆ ಗೊತ್ತಿರುವುದೇ. 1600ರ ಕೊನೆಯ ದಿನ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಸಿಕ್ಕಿತು. 1607ರಲ್ಲಿ ಅಮೆರಿಕದ ಜೇಮ್ಸ್‌ಟೌನಿನಲ್ಲಿ ವಸಾಹತು ನೆಲೆಯೂರಿತು. 1835ರಲ್ಲಿ ಮೆಕಾಲೆ ಭಾರತದಲ್ಲಿ ಇಂಗ್ಲಿಷ್ ಶಿಕ್ಷಣ ಬೇಕೆಂಬ ತನ್ನ ಟಿಪ್ಪಣಿ ಬರೆದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ದುಡ್ಡು, ಸಿನಿಮಾ, ಕಂಪ್ಯೂಟರುಗಳು ಮಿಕ್ಕ ಕೆಲಸ ಮಾಡಿದವು. ಇದನ್ನೇ ಇನ್ನೊಮ್ಮೆ ಬಿಡಿಸಿ ಹೇಳಿ ನಿಮ್ಮ ಸಂಜೆ ಹಾಳು ಮಾಡುವುದಿಲ್ಲ. ಹಬ್ಬಿದ ಭಾಷೆಯನ್ನು ಅಲ್ಲಲ್ಲಿಯ ಜನ ಏನು ಮಾಡಿಕೊಂಡರು, ಹಾಗೆ ಮಾಡಿಕೊಂಡದ್ದಕ್ಕೆ ಯಾರು ಶಹಭಾಸ್ ಅನ್ನಿಸಿಕೊಂಡರು, ಯಾರು ಬೈಸಿಕೊಂಡರು ಎನ್ನುವುದು ನನ್ನ ಇವತ್ತಿನ ವಿಷಯ.

ಮೊದಲು ಒಂದೆರಡು ಅಂಕಿ ಮುಗಿಸಿಬಿಡೋಣ. ಇವತ್ತು ಒಂದಲ್ಲ ಒಂದು ಮಟ್ಟದಲ್ಲಿ ಇಂಗ್ಲಿಷ್ ಬಲ್ಲವರು ಸುಮಾರು 150 ಕೋಟಿ ಎನ್ನುವುದು ಸಾಮಾನ್ಯವಾಗಿ ಕೊಡುವ ಅಂದಾಜು. ತಾಯಿಯ ಬಾಯಿಂದಲೇ ಅದನ್ನು ಕಲಿತವರು 40 ಕೋಟಿಯ ಒಳಗೇ. ನಮ್ಮ ದೇಶದ ಲೆಕ್ಕ ಇನ್ನೂ ಮಜವಾಗಿದೆ. 2011ರ ಜನಗಣತಿಯಲ್ಲಿ ಇಂಗ್ಲಿಷ್ ನಮ್ಮ ತಾಯಿನುಡಿ ಅಂತ ಬರೆಸಿದವರು 2,59,678 ಮಂದಿ. ಎರಡನೆಯದೋ ಮೂರನೆಯದೋ ಭಾಷೆಯಾಗಿ ಅದು ಬರುತ್ತದೆ ಎಂದವರು 12 ಕೋಟಿಗೂ ಹೆಚ್ಚು. ಅಂದರೆ ಭೂಮಿಯ ಮೇಲೆ ಇಂಗ್ಲಿಷ್ ಬಲ್ಲವರಲ್ಲಿ ಹೆಚ್ಚಿನವರು ಮನೆಯಲ್ಲಿ ಬೇರೆ ಭಾಷೆ ಆಡುವವರು. ಆ ಮನೆಮಾತು ಸುಮ್ಮನೆ ಕೂರುವುದಿಲ್ಲ. ಇಂಗ್ಲಿಷಿನ ಒಳಗೆ ಬಂದು ತನ್ನ ವ್ಯಾಕರಣವನ್ನು ಹಾಸಿಕೊಂಡು ಕೂತುಬಿಡುತ್ತದೆ.

ಹೇಗೆ ಕೂರುತ್ತದೆ ಅಂತ ನೋಡಲು ಸಿಂಗಪುರಕ್ಕೆ ಹೋಗೋಣ. ಅಷ್ಟು ಚಿಕ್ಕ ಜಾಗದಲ್ಲಿ ಇಷ್ಟು ನಿಚ್ಚಳವಾಗಿ ಇದು ಕಾಣುವ ಇನ್ನೊಂದು ಊರು ನನಗೆ ಗೊತ್ತಿಲ್ಲ.

ಅಲ್ಲಿಯ ಕಾಫಿ ಅಂಗಡಿಯಲ್ಲಿ ನಿಂತು ಹಾಲು, ಸಕ್ಕರೆ ಇಲ್ಲದ ಕಾಫಿ ಬೇಕೆಂದರೆ ‘ಕೋಪಿ ಓ ಕೊಸೋಂಗ್’ ಅನ್ನಬೇಕು. ‘ಕೋಪಿ’ ಮಲಯ್ ಮಾತು, ‘ಓ’ ಎಂದರೆ ಹೊಕ್ಕಿಯೆನ್ ಚೀನೀ ನುಡಿಯಲ್ಲಿ ಕಪ್ಪು, ‘ಕೊಸೋಂಗ್’ ಎಂದರೆ ಮಲಯ್‌ನಲ್ಲಿ ಖಾಲಿ. ಪಕ್ಕದ ಮೇಜಿನವರು ಇಂಗ್ಲಿಷಿನಲ್ಲಿ ಮಾತಾಡುತ್ತಿರುತ್ತಾರೆ. ‘ಕ್ಯಾನ್ ಆರ್ ನಾಟ್?’ ಅಂತ ಒಬ್ಬ ಕೇಳುತ್ತಾನೆ. ಇನ್ನೊಬ್ಬನ ಉತ್ತರ ‘ಕ್ಯಾನ್ ಲಾ’. ನಮ್ಮ ಬಾಯಲ್ಲಿ ಹೇಳುವುದಾದರೆ, ‘ಆಗುತ್ತೋ ಇಲ್ವೋ?’ ‘ಆಗುತ್ತೆ ಕಣ್ರೀ.’ ಅದೇ ‘ಕ್ಯಾನ್ ಮೆ?’ ಅಂದರೆ ‘ನಿಜವಾಗ್ಲೂ ಆಗುತ್ತಾ?’ ಎಂಬ ಅನುಮಾನ. ‘ಕ್ಯಾನ್ ಲೋರ್’ ಅಂದರೆ ‘ಆಗುತ್ತಪ್ಪ, ಇನ್ನೇನ್ ಮಾಡೋದು’ ಎಂಬ ನಿಟ್ಟುಸಿರು. ಲಂಡನ್ನಿನವನಿಗೆ ಇದು ಬಾಲ ಹಚ್ಚಿದ ಇಂಗ್ಲಿಷ್. ‘ಕಣೋ’, ‘ಕಣೇ’, ‘ಮಾರಾಯ’, ‘ಅಂತೆ’, ‘ಅಲ್ವಾ’ಗಳಲ್ಲೇ ಅರ್ಧ ಮನಸ್ಸನ್ನು ಹೇಳಿಬಿಡುವ ನಮಗೆ ಇದರಲ್ಲಿ ವಿಚಿತ್ರ ಏನೂ ಇಲ್ಲ.

ವ್ಯಾಕರಣಕ್ಕೆ ಬನ್ನಿ. ‘ಐ ಈಟ್ ಆಲ್ರೆಡಿ’ ಅನ್ನುತ್ತಾರೆ ಸಿಂಗಪುರದವರು. ಶಾಲೆಯ ಇಂಗ್ಲಿಷ್ ಪ್ರಕಾರ ಕ್ರಿಯಾಪದದ ಕಾಲ ತಪ್ಪಿದೆ. ಆದರೆ ಚೀನೀ ಭಾಷೆಗಳಲ್ಲಿ ಕೆಲಸ ಮುಗಿಯಿತೋ ಇಲ್ಲವೋ ಎಂಬುದನ್ನು ತೋರಿಸುವ ಒಂದು ಕಿರುಮಾತು ಉಂಟು. ಅದರ ಜಾಗದಲ್ಲಿ ‘ಆಲ್ರೆಡಿ’ ಬಂದು ಕೂತಿದೆ. ಇನ್ನೊಂದು, ನನಗೆ ತುಂಬ ಇಷ್ಟವಾದದ್ದು, ಮಲಯ್‌ನಿಂದ ಬಂದ ‘ಕೆನಾ’. ಮೇಷ್ಟ್ರ ಹತ್ತಿರ ಬೈಸಿಕೊಂಡವನು ‘ಕೆನಾ ಸ್ಕೋಲ್ಡ್’. ದಂಡ ಹಾಕಿಸಿಕೊಂಡವನು ‘ಕೆನಾ ಫೈನ್’. ಬಹುಮಾನ ಬಂದವನಿಗೆ ಮಾತ್ರ ‘ಕೆನಾ’ ಹಚ್ಚುವಂತಿಲ್ಲ, ವ್ಯಂಗ್ಯಕ್ಕೆ ಬೇಕಾದರೆ ಹೇಳಬಹುದು. ಕನ್ನಡದಲ್ಲಿ ಒದೆ ತಿನ್ನುತ್ತೇವೆ, ಬೈಗುಳ ತಿನ್ನುತ್ತೇವೆ, ಸನ್ಮಾನ ತಿನ್ನುವುದಿಲ್ಲ ನೋಡಿ, ಹಾಗೆ. ಈ ನಿಯಮವನ್ನು ಸಿಂಗಪುರದ ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಅಲ್ಲಿಯ ಐದು ವರ್ಷದ ಮಗುವೂ ಅದನ್ನು ತಪ್ಪುವುದಿಲ್ಲ. ಮೂರು ದಿನಕ್ಕೆ ಹೋಗಿ ‘ಲಾ’ ‘ಲಾ’ ಅಂತ ಎಲ್ಲದಕ್ಕೂ ಅಂಟಿಸುವ ಪ್ರವಾಸಿಗ ತಪ್ಪುತ್ತಾನೆ, ಜನ ನಗುತ್ತಾರೆ. ತಪ್ಪು ಮಾಡಲು ಸಾಧ್ಯವಿದೆ ಅಂದಮೇಲೆ ಅಲ್ಲೊಂದು ಸರಿ ಇದೆ ಎಂದೇ ಲೆಕ್ಕ.

ಸಿಂಗ್ಲಿಷ್ ಎಂದು ಕರೆಯುವ ಸಿಂಗಪುರದ ಈ ಇಂಗ್ಲಿಷ್ ಹುಟ್ಟಿದ್ದು ಹೇಗೆ? ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ರಾಫಲ್ಸ್ 1819ರಲ್ಲಿ ಅಲ್ಲಿಗೆ ಬಂದಿಳಿದ. ಬ್ರಿಟಿಷರ ಕಾಲದ ಇಂಗ್ಲಿಷ್ ಶಾಲೆಗಳು ಕೆಲವೇ ಮಂದಿಗೆ. ಅಲ್ಲಿ ಪಾಠ ಹೇಳಿದವರಲ್ಲಿ ಭಾರತದಿಂದ, ಸಿಲೋನಿನಿಂದ ಹೋದ ಮೇಷ್ಟ್ರುಗಳೂ ಇದ್ದರು. ಹಾಗಾಗಿ ಆ ಇಂಗ್ಲಿಷಿನ ಅಡಿಪಾಯಕ್ಕೆ ದಕ್ಷಿಣ ಏಷ್ಯಾದ ಕಲ್ಲೂ ಬಿದ್ದಿದೆ. ಬೀದಿಯಲ್ಲಿ, ಸಂತೆಯಲ್ಲಿ ನಡೆಯುತ್ತಿದ್ದದ್ದು ಸಂತೆ-ಮಲಯ್ ಮತ್ತು ಹೊಕ್ಕಿಯೆನ್. 1965ರಲ್ಲಿ ಸ್ವತಂತ್ರವಾದಾಗ ಆ ಪುಟ್ಟ ದೇಶ ಮಲಯ್, ಮ್ಯಾಂಡರಿನ್, ತಮಿಳು, ಇಂಗ್ಲಿಷ್ ನಾಲ್ಕನ್ನೂ ಅಧಿಕೃತ ಭಾಷೆ ಎಂದಿತು. ಆಡಳಿತಕ್ಕೆ, ವ್ಯಾಪಾರಕ್ಕೆ ಮಾತ್ರ ಇಂಗ್ಲಿಷ್. 1987ರ ಹೊತ್ತಿಗೆ ಎಲ್ಲ ಶಾಲೆಗಳ ಮಾಧ್ಯಮವೂ ಇಂಗ್ಲಿಷ್ ಆಗಿತ್ತು.

ಇದರ ನಡುವೆ 1979ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಅವರ ಸರ್ಕಾರ ‘ಮ್ಯಾಂಡರಿನ್ ಮಾತಾಡಿ’ ಎಂಬ ಆಂದೋಲನ ಶುರುಮಾಡಿತು. ಚೀನೀ ಮೂಲದವರು ಹೊಕ್ಕಿಯೆನ್, ತಿಯೊಚ್ಯು, ಕ್ಯಾಂಟನೀಸ್ ಬಿಟ್ಟು ಮ್ಯಾಂಡರಿನ್ ಹಿಡಿಯಬೇಕು ಎಂಬುದು ಅದರ ಆಗ್ರಹ. ಟಿವಿಯಿಂದ ಆ ನುಡಿಗಳನ್ನು ತೆಗೆದರು. ಅಜ್ಜಿ ಹೊಕ್ಕಿಯೆನ್, ಮೊಮ್ಮಗ ಮ್ಯಾಂಡರಿನ್ ಮತ್ತು ಇಂಗ್ಲಿಷ್, ಇಬ್ಬರ ನಡುವೆ ಅರ್ಧಂಬರ್ಧ ಮಾತು ಎಂಬ ಮನೆಗಳು ಎಷ್ಟೋ ಆದವು. ಹೀಗೆ ಮುಂಬಾಗಿಲಿನಿಂದ ಅಟ್ಟಿದ ಹೊಕ್ಕಿಯೆನ್ ಹಿತ್ತಿಲ ಬಾಗಿಲಿನಿಂದ ಇಂಗ್ಲಿಷ್ ಪದಗಳನ್ನು ಉಟ್ಟುಕೊಂಡು ಒಳಗೆ ಬಂತು. ಸಿಂಗ್ಲಿಷಿನ ಮೇಲೆ ಸಿಂಗಪುರದವರಿಗೆ ಇರುವ ಅಕ್ಕರೆಗೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು. ಕಳೆದುಕೊಂಡ ಮನೆಮಾತಿನ ರುಚಿ ಅವರಿಗೆ ಈಗ ಅದರಲ್ಲಿ ಮಾತ್ರ ಸಿಗುತ್ತದೆ.

ಸರ್ಕಾರಕ್ಕೆ ಆ ಅಕ್ಕರೆ ಇರಲಿಲ್ಲ. ಆ ಕಾಲಕ್ಕೆ ಟಿವಿಯಲ್ಲಿ ಫುವಾ ಚು ಕಾಂಗ್ ಎಂಬ ಹಾಸ್ಯ ಪಾತ್ರ ಮನೆಮಾತಾಗಿತ್ತು. ಹಳದಿ ಗಂಬೂಟಿನ ಕಟ್ಟಡ ಗುತ್ತಿಗೆದಾರ, ಬಾಯಿಬಿಟ್ಟರೆ ಸಿಂಗ್ಲಿಷ್. ಆ ಪಾತ್ರ ಮಾಡಿದ ನಟ ಗುರ್ಮಿತ್ ಸಿಂಗ್. 1999ರ ರಾಷ್ಟ್ರೀಯ ದಿನದ ಭಾಷಣದಲ್ಲಿ ಆಗಿನ ಪ್ರಧಾನಿ ಗೋ ಚೋಕ್ ಟೋಂಗ್ ಈ ಗುತ್ತಿಗೆದಾರನ ಹೆಸರು ಹಿಡಿದು, ಇವನು ಇಂಗ್ಲಿಷ್ ತಿದ್ದಿಕೊಳ್ಳಲು ಕ್ಲಾಸಿಗೆ ಹೋಗಲಿ ಎಂದರು. ಧಾರಾವಾಹಿಯವರು ಪಾಪ, ಅವನನ್ನು ಕ್ಲಾಸಿಗೆ ಕಳಿಸಿಯೂಬಿಟ್ಟರು! ದೇಶದ ಪ್ರಧಾನಿಯೇ ಕಲ್ಪನೆಯ ಪಾತ್ರವೊಂದರ ವ್ಯಾಕರಣದ ಬಗ್ಗೆ ತಲೆಕೆಡಿಸಿಕೊಂಡ ಉದಾಹರಣೆ ಬೇರೆ ಎಲ್ಲಾದರೂ ಇದ್ದರೆ ಹೇಳಿ. ಮರುವರ್ಷ, 2000ದಲ್ಲಿ, ‘ಒಳ್ಳೆಯ ಇಂಗ್ಲಿಷ್ ಮಾತಾಡಿ’ ಆಂದೋಲನ ಬಂತು.

ಮುಂದಿನದು ಇನ್ನೂ ಚೆನ್ನಾಗಿದೆ. 2003ರಲ್ಲಿ ಸಾರ್ಸ್ ಸೋಂಕು ಬಂದಾಗ ಜನರಿಗೆ ಕೈತೊಳೆಯಿರಿ, ಎಚ್ಚರವಾಗಿರಿ ಅಂತ ಹೇಳಲು ಮುಂದೆ ಬಂದದ್ದು ಇದೇ ಫುವಾ ಚು ಕಾಂಗ್, ತನ್ನದೇ ಧಾಟಿಯ ಹಾಡಿನೊಂದಿಗೆ. 2021ರಲ್ಲಿ ಕೊರೊನಾ ಲಸಿಕೆ ಹಾಕಿಸಿಕೊಳ್ಳಿ ಎನ್ನುವುದಕ್ಕೂ ಸರ್ಕಾರ ಅವನನ್ನೇ ಕರೆಯಿತು. ಜೀವದ ಪ್ರಶ್ನೆ ಬಂದಾಗ ಜನರ ಕಿವಿಗೆ ಇಳಿಯುವ ಮಾತು ಯಾವುದು ಅಂತ ಆ ಸರ್ಕಾರಕ್ಕೆ ಚೆನ್ನಾಗಿಯೇ ಗೊತ್ತಿತ್ತು.

2016ರಲ್ಲಿ ಎರಡು ಸಂಗತಿ ನಡೆದವು. ಆಕ್ಸ್‌ಫರ್ಡ್ ನಿಘಂಟು ಸಿಂಗಪುರದ ಒಂದು ಕಂತು ಪದಗಳನ್ನು ಒಳಗೆ ಸೇರಿಸಿಕೊಂಡಿತು. ಬಿಳಿಯರನ್ನು ಕರೆಯುವ ‘ಆಂಗ್ ಮೋ’, ಬಾಯಿ ಚಪ್ಪರಿಸಿದಾಗ ಅನ್ನುವ ‘ಶಿಯೋಕ್’, ಬಹುಮಹಡಿ ಮನೆಗಳ ಕಿಟಕಿಯಿಂದ ಕೆಳಗಿನವರ ತಲೆಮೇಲೆ ಎಸೆಯುವ ಕಸಕ್ಕೆ ಹೇಳುವ ‘ಕಿಲ್ಲರ್ ಲಿಟರ್’. ನಮ್ಮ ಅಪಾರ್ಟ್‌ಮೆಂಟುಗಳಿಗೂ ಈ ಕೊನೆಯದು ತುರ್ತಾಗಿ ಬೇಕಾಗಿದೆ, ಅದಿರಲಿ. ಅದೇ ವರ್ಷ ಸಿಂಗಪುರದ ಕವಿ ಗ್ವೀ ಲಿ ಸುಯಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸಿಂಗ್ಲಿಷ್ ಪರವಾಗಿ ಲೇಖನ ಬರೆದರು. ಸರ್ಕಾರ ಎಷ್ಟು ತುಳಿದರೂ ಅದು ಚಿಗುರುತ್ತಲೇ ಇದೆ ಎಂಬ ಧಾಟಿಯಲ್ಲಿ. ಪ್ರಧಾನಿಯವರ ಪತ್ರಿಕಾ ಕಾರ್ಯದರ್ಶಿ ಸುಮ್ಮನಿರಲಿಲ್ಲ. ಅದೇ ಪತ್ರಿಕೆಗೆ ಉತ್ತರ ಬರೆದರು. ಅದರ ಸಾರಾಂಶ ಇಷ್ಟು: ನಮ್ಮ ಜನ ಹೊಟ್ಟೆ ಹೊರೆಯಲು ಜಗತ್ತಿಗೆ ಅರ್ಥವಾಗುವ ಇಂಗ್ಲಿಷ್ ಬೇಕು, ಸಿಂಗ್ಲಿಷ್ ಬಳಕೆ ಅದನ್ನು ಕಲಿಯುವುದಕ್ಕೆ ತೊಡಕು. ಗ್ವೀ ಅವರಂತೆ ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಮಾಡಿದವರು ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಹಾರಬಲ್ಲರು. ಸಿಂಗ್ಲಿಷಿನ ಗುಣಗಾನವನ್ನು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಬರೆಯಬಲ್ಲರು. ಎಲ್ಲರಿಗೂ ಅದು ಬರುವುದಿಲ್ಲ.

ಈ ಉತ್ತರ ಓದಿದಾಗ ನನಗೆ ಮೊದಲು ಸಿಟ್ಟು ಬಂತು. ಸರ್ಕಾರಿ ಕಚೇರಿಯೊಂದು ಕವಿಗೆ ಭಾಷೆಯ ಪಾಠ ಹೇಳುವುದು ಅಂದರೇನು? ಆದರೆ ಮಾತಿನಲ್ಲಿ ಮುಳ್ಳಿದೆ, ಅದು ನನ್ನಂಥ ಇಂಗ್ಲಿಷ್ ಮೇಷ್ಟ್ರುಗಳಿಗೇ ಚುಚ್ಚುತ್ತದೆ. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತಲ್ಲ, ಆಗ ವಿರೋಧಿಸಿದ ನಮ್ಮಂಥವರಿಗೆ ಅಪ್ಪ ಅಮ್ಮಂದಿರು ಕೇಳಿದ್ದೂ ಇದನ್ನೇ: ‘ಸಾರ್, ನಿಮ್ ಮಕ್ಳು ಎಲ್ಲಿ ಓದಿದ್ರು?’

ಈ ಜಗಳ ಪಂಡಿತರಲ್ಲೂ ನಡೆದಿದೆ. ಬ್ರಜ್ ಕಾಚ್ರು ಅಂತ ಒಬ್ಬರಿದ್ದರು. 1932ರಲ್ಲಿ ಶ್ರೀನಗರದಲ್ಲಿ ಹುಟ್ಟಿದ ಕಾಶ್ಮೀರಿ, ಎಡಿನ್‌ಬರೋದಲ್ಲಿ ಭಾರತೀಯ ಇಂಗ್ಲಿಷಿನ ಮೇಲೆ ಸಂಶೋಧನೆ ಮಾಡಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿದರು. ಇಂಗ್ಲಿಷ್ ಜಗತ್ತನ್ನು ಅವರು ಮೂರು ವೃತ್ತಗಳಾಗಿ ಗುರುತಿಸಿದರು. ಬ್ರಿಟನ್, ಅಮೆರಿಕಗಳಂಥವು ಒಳವೃತ್ತ. ಭಾರತ, ಸಿಂಗಪುರ, ನೈಜೀರಿಯಾಗಳಂತೆ ವಸಾಹತಾಗಿದ್ದು ಇಂಗ್ಲಿಷನ್ನು ಒಳಗಿನ ಕೆಲಸಕ್ಕೂ ಇಟ್ಟುಕೊಂಡವು ಹೊರವೃತ್ತ. ಚೀನಾ, ಜಪಾನ್‌ಗಳಂತೆ ಹೊರಗಿನವರ ಜೊತೆ ವ್ಯವಹರಿಸಲು ಕಲಿಯುವವು ಬೆಳೆಯುತ್ತಿರುವ ವೃತ್ತ. ಹೊರವೃತ್ತದ ಇಂಗ್ಲಿಷುಗಳಿಗೆ ತಮ್ಮದೇ ರೂಢಿಗಳಿವೆ, ಅವನ್ನು ಲಂಡನ್ನಿನ ಅಳತೆಗೋಲಿನಿಂದ ಅಳೆಯಬೇಡಿ ಎನ್ನುವುದು ಅವರ ವಾದ. ಎದುರಿಗೆ ನಿಂತವರು ಲಂಡನ್ನಿನ ರ‍್ಯಾಂಡಲ್ಫ್ ಕ್ವರ್ಕ್, ಇಂಗ್ಲಿಷ್ ವ್ಯಾಕರಣದಲ್ಲಿ ದೊಡ್ಡ ಹೆಸರು. ಬಡದೇಶದ ಹುಡುಗ ಹೊಟ್ಟೆಕಟ್ಟಿ ಇಂಗ್ಲಿಷ್ ಕಲಿಯಲು ಬಂದರೆ ಅವನಿಗೆ ಜಗತ್ತು ಒಪ್ಪುವ ಇಂಗ್ಲಿಷ್ ಕೊಡದೆ, ನಿನ್ನದೇ ಚೆನ್ನ ಅಂತ ಬೆನ್ನುತಟ್ಟಿ ಕಳಿಸುವುದು ಮೋಸ ಎಂದು 1990ರ ಹೊತ್ತಿಗೆ ಅವರು ವಾದಿಸಿದರು. ಕಾಚ್ರು 1991ರಲ್ಲಿ ಖಾರವಾಗಿ ಉತ್ತರಿಸಿದರು. ಭಾಷಾಶಾಸ್ತ್ರದ ಮಟ್ಟಿಗೆ ಗೆದ್ದದ್ದು ಕಾಚ್ರು, ಅದರಲ್ಲಿ ನನಗೆ ಅನುಮಾನವಿಲ್ಲ. ಉದ್ಯೋಗದ ಸಂದರ್ಶನದ ಕೋಣೆಯಲ್ಲಿ ಈಗಲೂ ಗೆಲ್ಲುವುದು ಕ್ವರ್ಕ್.

ನೈಜೀರಿಯಾದ ಮಾತು ಸ್ವಲ್ಪ ಹೇಳಿ ನಮ್ಮ ಊರಿಗೆ ಬರುತ್ತೇನೆ. 500ಕ್ಕೂ ಹೆಚ್ಚು ಭಾಷೆಗಳ ದೇಶ ಅದು. ಕಚೇರಿಗೆ ಇಂಗ್ಲಿಷ್, ಬೀದಿಗೆ ಪಿಜಿನ್, ಅಂದರೆ ಬೇರೆ ಬೇರೆ ಭಾಷೆಯವರು ವ್ಯವಹಾರಕ್ಕೆ ಕಟ್ಟಿಕೊಂಡ ಬೆರಕೆ ನುಡಿ. ಹದಿನೈದನೇ ಶತಮಾನದಲ್ಲಿ ಆ ಕರಾವಳಿಗೆ ಮೊದಲು ಬಂದ ಪೋರ್ಚುಗೀಸರು ಬಿಟ್ಟುಹೋದ ‘ಸಾಬಿ’ (ಗೊತ್ತು), ‘ಪಿಕಿನ್’ (ಮಗು) ಎಂಬ ಮಾತುಗಳು ಅದರಲ್ಲಿ ಇನ್ನೂ ಉಳಿದಿವೆ. ‘ಐ ಡೇ ಚಾಪ್’ ಅಂದರೆ ತಿನ್ನುತ್ತಿದ್ದೇನೆ, ‘ಐ ಡೋನ್ ಚಾಪ್’ ಅಂದರೆ ತಿಂದಾಯ್ತು, ‘ಐ ಗೋ ಚಾಪ್’ ಅಂದರೆ ತಿನ್ನುತ್ತೇನೆ. ಕ್ರಿಯಾಪದ ಅಲ್ಲಾಡುವುದಿಲ್ಲ, ಹಿಂದಿನ ಕಿರುಮಾತು ಮಾತ್ರ ಬದಲಾಗುತ್ತದೆ. ಇಂಗ್ಲಿಷ್ ಕ್ರಿಯಾಪದಗಳ ಮೂರು ಮೂರು ರೂಪ ಬಾಯಿಪಾಠ ಮಾಡಿ ಏಟು ತಿಂದ ನಮಗೆ ಇದನ್ನು ಕಂಡರೆ ಹೊಟ್ಟೆಕಿಚ್ಚಾಗಬೇಕು. ಫೇಲಾ ಕುಟಿ ಎಂಬ ಮಹಾ ಗಾಯಕ ತನ್ನ ಯೊರುಬಾ ಭಾಷೆಯ ಗಡಿ ದಾಟಿ ಆಫ್ರಿಕದ ಇತರರಿಗೂ ತಲುಪಬೇಕು ಅಂತ ಪಿಜಿನ್‌ನಲ್ಲೇ ಹಾಡಿದ. 2017ರಲ್ಲಿ ಬಿಬಿಸಿ ಪಿಜಿನ್ ಸುದ್ದಿಸೇವೆ ಆರಂಭಿಸಿತು. 2020ರಲ್ಲಿ ಆಕ್ಸ್‌ಫರ್ಡ್ ನಿಘಂಟು ನೈಜೀರಿಯಾದ ಇಂಗ್ಲಿಷಿಗೂ ಬಾಗಿಲು ತೆರೆಯಿತು. ಬಾಡಿಗೆ ಮೋಟರ್‌ಬೈಕಿಗೆ ಅಲ್ಲಿಯವರು ಹೇಳುವ ‘ಒಕಾಡ’ ಸೇರಿತು. ಅದು ಮುಚ್ಚಿಹೋದ ಒಂದು ವಿಮಾನ ಕಂಪನಿಯ ಹೆಸರು. ಟ್ರಾಫಿಕ್ಕಿನಲ್ಲಿ ಹಾರಿಕೊಂಡು ಹೋಗುತ್ತದಲ್ಲ, ಅದಕ್ಕೆ. ನಮ್ಮ ನಾಡಿದ್ದಿಗೆ ಅವರು ಕಟ್ಟಿಕೊಂಡ ‘ನೆಕ್ಸ್ಟ್ ಟುಮಾರೋ’ ಕೂಡ ಸೇರಿತು.

ಈಗ ನಮ್ಮ ವಿಷಯ. ಕನ್ನಡಿಗರ ಇಂಗ್ಲಿಷಿಗೂ ಇಂಥದೇ ಕಟ್ಟು ಇದೆ. ಯಾರೂ ಅದಕ್ಕೆ ಹೆಸರಿಟ್ಟು ಮುದ್ದು ಮಾಡಿಲ್ಲ, ಅಷ್ಟೆ. ‘ಹಿ ಈಸ್ ದೇರ್ ಓನ್ಲಿ’ ಎನ್ನುತ್ತೇವೆ. ಏಕೆ? ‘ಅಲ್ಲೇ ಇದಾನೆ’ ಎನ್ನುವಾಗಿನ ‘ಏ’ ಇದೆಯಲ್ಲ, ಅದು ಯಾವ ಮಾತಿಗೆ ಒತ್ತು ಬೇಕೋ ಅದರ ಬಾಲಕ್ಕೇ ಹತ್ತುತ್ತದೆ. ‘ನಿನ್ನೇನೇ ಬಂದೆ’, ‘ನಾನೇ ಬಂದೆ’. ನಮ್ಮ ‘ಓನ್ಲಿ’ಯೂ ಅಲ್ಲೇ ಹೋಗಿ ಕೂರುತ್ತದೆ: ‘ಐ ಕೇಮ್ ಯೆಸ್ಟರ್ಡೇ ಓನ್ಲಿ’. ಬ್ರಿಟಿಷರು ಅದನ್ನು ಕ್ರಿಯಾಪದಕ್ಕೆ ಮೊದಲೇ ಇಡುತ್ತಾರೆ, ಆಗ ಬರುವ ಅರ್ಥ ‘ಬಂದು ಒಂದೇ ದಿನವಾಯ್ತು’ ಅಂತ. ನಾವು ಹೇಳಬೇಕೆಂದಿರುವುದು ಬೇರೆ: ಇವತ್ತು ಬಂದೆ ಅಂದುಕೊಂಡಿದ್ದೀರಾ? ಇಲ್ಲ, ನಿನ್ನೆಯೇ. ಹಾಗೆಯೇ ‘ಸಿಂಪ್ಲಿ ಐ ಕೇಮ್’. ಸುಮ್ನೆ ಬಂದೆ. ಕೆಲಸವಿಲ್ಲದೆ, ಕಾರಣವಿಲ್ಲದೆ, ನಿಮ್ಮನ್ನು ನೋಡಿಹೋಗೋಣ ಅಂತ ಬಂದೆ. ‘ನಿಮ್ಮ ನೇಟಿವ್ ಯಾವುದು?’ ಅಂತ ಬೆಂಗಳೂರಿನಲ್ಲಿ ಕೇಳದವರು ಯಾರು? ಹುಟ್ಟಿದ ಊರಲ್ಲದಿದ್ದರೂ, ಅಲ್ಲಿ ಒಂದು ದಿನ ವಾಸ ಮಾಡದಿದ್ದರೂ, ಅಜ್ಜನ ಮನೆಯೋ ಮನೆದೇವರೋ ಇರುವ ಊರು ಅದು.

ಉಚ್ಚಾರಣೆಯಲ್ಲೂ ನಾವು ಮನಸ್ಸಿಗೆ ಬಂದಂತೆ ಹೋಗುವುದಿಲ್ಲ. ಇಂಗ್ಲಿಷರ ‘ಟಿ’ ನಮ್ಮ ತ ಮತ್ತು ಟ ಎರಡರ ನಡುವೆ ಎಲ್ಲೋ ನಾಲಿಗೆ ಮುಟ್ಟಿಸಿ ಆಡುವಂಥದು. ನಾವು ಕೇಳಿಸಿಕೊಂಡು ಟ ಎಂದು ತೀರ್ಮಾನಿಸಿದೆವು, ತ ಜಾಗವನ್ನು ‘ಥ್ಯಾಂಕ್ಸ್’ಗೆ ಬಿಟ್ಟುಕೊಟ್ಟೆವು. ಪದ ಎ-ಕಾರದಿಂದ ಶುರುವಾದರೆ ಮುಂದೆ ಒಂದು ಯ ತೇಲಿಬರುತ್ತದೆ. ‘ಎಲೆ’ಯನ್ನು ‘ಯೆಲೆ’ ಅನ್ನುವ ಬಾಯಿ ಎಂ.ಎಲ್.ಎ.ಯನ್ನು ‘ಯೆಮ್ಮೆಲ್ಲೆ’ ಮಾಡದೆ ಬಿಡುತ್ತದೆಯೇ?

ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾರಾವ್ ಫ್ರಾನ್ಸಿಗೆ ಹೋಗಿ ನೆಲೆಸಿ, ಮಲೆನಾಡಿನ ಹಳ್ಳಿಯೊಂದರ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದರು. 1938ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಕಾದಂಬರಿಯ ಹೆಸರು ‘ಕಾಂತಾಪುರ’. ಅಜ್ಜಿಯೊಬ್ಬಳು ಜಗಲಿಯ ಮೇಲೆ ಕೂತು ಉಸಿರುಬಿಡದೆ ಹೇಳಿದ ಹಾಗೆ ವಾಕ್ಯದ ಬೆನ್ನಿಗೆ ವಾಕ್ಯ, ‘ಮತ್ತೆ’, ‘ಮತ್ತೆ’ ಅಂತ. ಮೂಲೆಮನೆ ಮೂರ್ತಿ ಅಲ್ಲಿ ‘ಕಾರ್ನರ್-ಹೌಸ್ ಮೂರ್ತಿ’. ಕನ್ನಡ ಗೊತ್ತಿರುವವರಿಗೆ ಪುಟದ ಅಡಿಯಲ್ಲಿ ಕನ್ನಡ ಹರಿಯುವುದು ಕೇಳಿಸುತ್ತದೆ. ಎಂ.ಎ. ತರಗತಿಯಲ್ಲಿ ಇದನ್ನು ನಾವು ಶೈಲಿ ಅಂತ ಪಾಠ ಮಾಡುತ್ತೇವೆ, ಇಂಗ್ಲಿಷನ್ನು ಕನ್ನಡದ ಲಯಕ್ಕೆ ಬಗ್ಗಿಸಿದ ಸಾಹಸ ಎನ್ನುತ್ತೇವೆ. ನಾನೂ ಹೇಳಿದ್ದೇನೆ, ಈಗಲೂ ಒಪ್ಪುತ್ತೇನೆ.

ನನ್ನ ಬಳಿ ಓದಿದ ತಿಪಟೂರು ಕಡೆಯ ಹುಡುಗಿಯೊಬ್ಬಳು ಬೆಂಗಳೂರಿನ ಕಾಲ್ ಸೆಂಟರೊಂದಕ್ಕೆ ಸೇರಿದಳು. ಅಲ್ಲಿ ಮೊದಲ ವಾರಗಳ ತರಬೇತಿಗೆ ‘ಉಚ್ಚಾರಣೆಯ ತಟಸ್ಥೀಕರಣ’ ಎನ್ನುವ ಅರ್ಥದ ದೊಡ್ಡ ಹೆಸರು. ತುಟಿಯ ಮುಂದೆ ಒಂದು ಕಾಗದದ ಚೂರು ಹಿಡಿದುಕೊಂಡು ‘ಪೇಪರ್’ ಅನ್ನಬೇಕು. ಮೊದಲ ಅಕ್ಷರಕ್ಕೆ ಕಾಗದ ಅಲ್ಲಾಡಿದರೆ ಪಾಸು. ನಮ್ಮ ಪ-ಕಾರಕ್ಕೆ ಕಾಗದ ಅಲ್ಲಾಡುವುದಿಲ್ಲ, ಅದಕ್ಕೆ ಮಹಾಪ್ರಾಣ ಬೇಕು. ನಮ್ಮ ಅಕ್ಷರಮಾಲೆಯಲ್ಲಿ ಅದೂ ಇದೆ, ಇಂಗ್ಲಿಷ್ ಪದಕ್ಕೆ ಹಚ್ಚುವ ಅಭ್ಯಾಸ ಮಾತ್ರ ನಮಗಿಲ್ಲ. ಹುಡುಗಿ ಅಲ್ಲಾಡಿಸಿ ಅಲ್ಲಾಡಿಸಿ ಸುಸ್ತಾದಳು. ಅವಳ ಕರೆಗಳನ್ನು ಕೇಳಿ ಅಂಕ ಹಾಕುವವರ ಹಾಳೆಯಲ್ಲಿ ಮೂರಕ್ಷರದ ಒಂದು ಕಾಲಂ: ‘ಎಂ.ಟಿ.ಐ.’ ಬಿಡಿಸಿದರೆ ‘ಮದರ್ ಟಂಗ್ ಇನ್‌ಫ್ಲುಯೆನ್ಸ್’, ತಾಯಿನುಡಿಯ ಪ್ರಭಾವ. ಆ ಉದ್ಯಮದಲ್ಲಿ ಅದು ಖಾಯಿಲೆಯ ಹೆಸರಿನಂತೆ ಬಳಕೆಯಾಗುತ್ತದೆ. ‘ನಿಂಗೆ ಎಂಟಿಐ ಜಾಸ್ತಿ ಇದೆ’ ಅನ್ನುತ್ತಾರೆ, ಬಿಪಿ ಜಾಸ್ತಿ ಇದೆ ಅಂದ ಹಾಗೆ.

ರಾಜಾರಾಯರಲ್ಲಿ ಇದ್ದದ್ದೂ ಅದೇ ಎಂಟಿಐ. ಅವರು ಬೇಕೆಂದು ಮಾಡಿದರು, ಬೇಡವಾದರೆ ಬಿಡಬಲ್ಲವರಾಗಿದ್ದರು. ಹುಡುಗಿಗೆ ಬಿಡಲು ಬರಲಿಲ್ಲ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇಷ್ಟೇ: ಸ್ಥಳೀಯ ಇಂಗ್ಲಿಷುಗಳು ತಪ್ಪು ಇಂಗ್ಲಿಷುಗಳಲ್ಲ, ಆದರೆ ಅವನ್ನು ತಲೆಯೆತ್ತಿ ಆಡುವ ಸವಲತ್ತು ಮಾತ್ರ ಎರಡನ್ನೂ ಬಲ್ಲವರ ಕೈಯಲ್ಲಿದೆ. ಒಂದನ್ನೇ ಬಲ್ಲವರು ತಿದ್ದಿಸಿಕೊಳ್ಳುತ್ತಾ ಇರುತ್ತಾರೆ. ನಿಘಂಟಿಗೆ ‘ಶಿಯೋಕ್’ ಸೇರಿದರೆ ಸಿಂಗಪುರದ ಕಾಫಿ ಅಂಗಡಿಯವನ ಸಂಬಳ ಹೆಚ್ಚುವುದಿಲ್ಲ. ನನ್ನಂಥವರಿಗೆ ಭಾಷಣಕ್ಕೆ ವಿಷಯ ಸಿಗುತ್ತದೆ. ಈಚೆಗಂತೂ ಫೋನಿನಲ್ಲಿ ಮಾತಾಡುತ್ತಿರುವಾಗಲೇ ನಮ್ಮವರ ಉಚ್ಚಾರಣೆಯನ್ನು ಅಮೆರಿಕದವರಿಗೆ ಒಗ್ಗುವಂತೆ ಬದಲಿಸಿ ಕಳಿಸುವ ಸಾಫ್ಟ್‌ವೇರ್ ಬಂದಿದೆ. ಅಲ್ಲಿಂದ ಬರುವ ಟೆಕ್ಸಸ್ಸಿನ ಉಚ್ಚಾರಣೆಯನ್ನು ತಿಪಟೂರಿಗೆ ಒಗ್ಗಿಸಿ ಕೊಡುವ ಯಂತ್ರವನ್ನು ಯಾರೂ ಮಾರುತ್ತಿರುವುದನ್ನು ನಾನು ಕಂಡಿಲ್ಲ.

ಹಾಗಾದರೆ ಎಲ್ಲರೂ ಅವರವರ ಇಂಗ್ಲಿಷ್ ಆಡಿಕೊಂಡರೆ ಕೆಲಸ ನಡೆಯುತ್ತದೆಯೇ? ಅಪಾಯವಿಲ್ಲವೇ? ಇದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ವಿಮಾನವೂ ಕಜಕ್‌ಸ್ತಾನದ ವಿಮಾನವೂ ಆಕಾಶದಲ್ಲೇ ಡಿಕ್ಕಿ ಹೊಡೆದು 349 ಜನ ಸತ್ತರು. ಕಜಕ್ ವಿಮಾನಕ್ಕೆ 15,000 ಅಡಿಯಲ್ಲಿರಿ ಎಂಬ ಸೂಚನೆ ಇತ್ತು, ಅದು ಇನ್ನೂ ಕೆಳಗಿಳಿಯಿತು. ಅದರ ಸಿಬ್ಬಂದಿಗೆ ಇಂಗ್ಲಿಷ್ ಸಾಲದಾಗಿತ್ತು ಎಂಬುದೂ ತನಿಖೆಯಲ್ಲಿ ಎದ್ದ ಮುಖ್ಯ ಅಂಶಗಳಲ್ಲಿ ಒಂದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪೈಲಟ್ಟುಗಳಿಗೆ, ನಿಯಂತ್ರಕರಿಗೆ ಇಂಗ್ಲಿಷ್ ಪರೀಕ್ಷೆ ತಂದದ್ದರ ಹಿಂದೆ ಈ ದುರಂತವೂ ಇದೆ. 2008ರಿಂದ ಜಾರಿಗೆ ಬಂದ ನಿಯಮದಲ್ಲಿ ಆರು ಮಟ್ಟಗಳಿವೆ, ನಾಲ್ಕನೆಯದಕ್ಕಿಂತ ಕೆಳಗಿದ್ದರೆ ಅಂತರರಾಷ್ಟ್ರೀಯ ಹಾರಾಟಕ್ಕೆ ಬಿಡುವಂತಿಲ್ಲ.

ನೀವು ಆ ಮಟ್ಟಗಳ ವಿವರಣೆ ಓದಬೇಕು. ಆರನೆಯ, ಅತಿ ಮೇಲಿನ ಮಟ್ಟದಲ್ಲೂ ಉಚ್ಚಾರಣೆಯಲ್ಲಿ ತಾಯಿನುಡಿಯ ಛಾಯೆ ಇರಬಹುದು ಎಂದಿದೆ. ಕೇಳುವವರಿಗೆ ಅರ್ಥವಾಗಲು ಅಡ್ಡಿಯಾಗಬಾರದು, ಅಷ್ಟೇ ಷರತ್ತು. ಕಾಲ್ ಸೆಂಟರಿನಲ್ಲಿ ಅಂಕ ಕಳೆದದ್ದನ್ನು ಆಕಾಶದಲ್ಲಿ ಒಪ್ಪಿಕೊಂಡಿದ್ದಾರೆ! ಇನ್ನೂ ಮುಂದಕ್ಕೆ ಹೋಗಿ, ರೇಡಿಯೋದಲ್ಲಿ ಅಂಕಿಗಳನ್ನು ಹೇಗೆ ನುಡಿಯಬೇಕು ಎಂಬುದಕ್ಕೂ ಪಟ್ಟಿ ಇದೆ. ಮೂರಕ್ಕೆ ‘ಟ್ರೀ’ ಅನ್ನಬೇಕು. ಐದಕ್ಕೆ ‘ಫೈಫ್’. ಒಂಬತ್ತಕ್ಕೆ ‘ನೈನರ್’. ಸಾವಿರಕ್ಕೆ ‘ಟೌಸಂಡ್’. ಜಗತ್ತಿನ ಬಹಳಷ್ಟು ಜನರ ನಾಲಿಗೆ ಹೊರಳದ, ‘ಥ್ರೀ’, ‘ಥೌಸಂಡ್’ಗಳ ಮೊದಲ ಸದ್ದನ್ನು ಕೈಬಿಟ್ಟೇ ಬಿಟ್ಟರು. ಲಂಡನ್ನಿನ ಪೈಲಟ್ಟೂ ನ್ಯೂಯಾರ್ಕಿನ ಪೈಲಟ್ಟೂ ಪಟ್ಟಿಯ ಪ್ರಕಾರ ‘ಟ್ರೀ ಟೌಸಂಡ್’ ಅನ್ನಬೇಕಾದವರೇ. ನಿಜವಾಗಿ ಪ್ರಾಣಕ್ಕೆ ಬಂದಾಗ, ಬಗ್ಗುವ ಕೆಲಸವನ್ನು ಎರಡೂ ಕಡೆಯವರು ಹಂಚಿಕೊಳ್ಳುವುದು ಸಾಧ್ಯ ಅಂತ ಇಲ್ಲಿ ಕಾಣುತ್ತದೆ. ಸಂಬಳದ ಪ್ರಶ್ನೆ ಬಂದಾಗ ಒಂದೇ ಕಡೆಯವರು ಬಗ್ಗುತ್ತಾರೆ.

ಸಿಂಗಪುರದ ಕೊನೆಯ ಅಂಕಿ ಹೇಳಿ ಮುಗಿಸುತ್ತೇನೆ. ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಆಡುತ್ತೇವೆ ಎಂದವರು ಅಲ್ಲಿ 2010ರಲ್ಲಿ 32.3 ಶೇಕಡಾ ಇದ್ದರು, 2020ರಲ್ಲಿ 48.3 ಶೇಕಡಾ. ಅದು ಈಗ ಆ ದೇಶದ ಮನೆಗಳ ಮೊದಲ ಭಾಷೆ. ಆ ಮಕ್ಕಳ ತಾಯಿನುಡಿ ಯಾವುದು ಅಂತ ಕೇಳಿದರೆ ಇನ್ನು ಕಾಚ್ರು ಅವರ ವೃತ್ತಗಳನ್ನೇ ಅಳಿಸಿ ಬರೆಯಬೇಕು.

ಪ್ರಶ್ನೆಗಳ ಸಮಯದಲ್ಲಿ ಹೈಸ್ಕೂಲಿನ ಮೇಡಂ ಒಬ್ಬರು ಎದ್ದು ಕೇಳಿದರು: ‘ಸಾರ್, ಎಲ್ಲ ಸರಿ. ನಾಳೆ ಬೆಳಿಗ್ಗೆ ನಾನು ಒಂಬತ್ತನೇ ಕ್ಲಾಸಿಗೆ ಹೋಗ್ಬೇಕು. ಯಾವ ಇಂಗ್ಲಿಷ್ ಕಲಿಸ್ಲಿ?’

ನಾನು ಹೇಳಿದ್ದು: ಬರೆಯುವುದಕ್ಕೆ ಪುಸ್ತಕದ ಇಂಗ್ಲಿಷನ್ನೇ ಗಟ್ಟಿಯಾಗಿ ಕಲಿಸಿ ಮೇಡಂ, ಅದರಲ್ಲಿ ರಿಯಾಯಿತಿ ಬೇಡ. ಕ್ವರ್ಕ್ ಹೇಳಿದ ಮೋಸ ನಮ್ಮಿಂದ ಆಗದಿರಲಿ. ಮಾತಿನಲ್ಲಿ ಮಕ್ಕಳ ಟ-ಕಾರ, ಯ-ಕಾರ ತಿದ್ದುವುದಕ್ಕೆ ಪಿರಿಯಡ್ಡು ಕಳೆಯಬೇಡಿ. ಆ ಹೊತ್ತಿನಲ್ಲಿ ಅವರು ಇನ್ನೂ ನಾಲ್ಕು ವಾಕ್ಯ ಆಡಲಿ, ಹಿಂದಿನ ಬೆಂಚಿನವನಿಗೆ ಅರ್ಥವಾಗುವ ಹಾಗೆ ಆಡಲಿ. ‘ಓನ್ಲಿ’ಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಮೊದಲು, ಇದು ನಮ್ಮ ‘ಏ’ಯಿಂದ ಬಂತು, ಅರ್ಜಿಯಲ್ಲಿ ಹೀಗೆ ಬರೆಯಬಾರದು ಅಂತ ಒಂದು ಮಾತು ಹೇಳಿ. ಬೈದದ್ದಕ್ಕಿಂತ ಬೇಗ ನೆನಪಿಟ್ಟುಕೊಳ್ಳುತ್ತಾರೆ.

ಹಿಂದಿನ ಸಾಲಿನಿಂದ ಹುಡುಗನೊಬ್ಬ, ‘ಸಾರ್, ಇಂಟರ್ವ್ಯೂನಲ್ಲಿ ಎಂಟಿಐ ಇದೆ ಅಂದ್ರೆ ಏನ್ ಹೇಳೋದು?’ ಅಂದ. ಎಲ್ಲರೂ ನಕ್ಕರು. ಕೆಲಸ ಬೇಕಾಗಿದ್ದರೆ ಏನೂ ಹೇಳಬೇಡಪ್ಪ, ಕಾಗದ ಅಲ್ಲಾಡಿಸು ಎಂದೆ. ಕೆಲಸ ಖಾಯಂ ಆಗಿ ನೀನೇ ಅಂಕ ಹಾಕುವ ಕುರ್ಚಿಗೆ ಬಂದ ಮೇಲೆ ಆ ಕಾಲಂ ತೆಗೆಸಲು ನೋಡು.